ಬೂಟ್ ಆಗದ ಕಂಪ್ಯೂಟರಿನ ಮುಂದೆ ಬೇಕಾಗುವ ಪದಗಳು

‘ಕಂಪ್ಯೂಟರ್ ಆನ್ ಆಗ್ತಿಲ್ಲ’ ಎಂಬ ಒಂದು ಮಾತಿನೊಳಗೆ ಕಡಿಮೆಯೆಂದರೂ ಆರು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ದೀಪ ಹತ್ತದೆ, ಫ್ಯಾನ್ ತಿರುಗದೆ ಯಂತ್ರ ಸುಮ್ಮನೆ ಕೂತಿರಬಹುದು. ಫ್ಯಾನ್ ತಿರುಗಿಯೂ ಪರದೆ ಕಪ್ಪಾಗೇ ಉಳಿದಿರಬಹುದು. ತಯಾರಕರ ಲೋಗೊ ಮೂಡಿ ಅಲ್ಲೇ ನಿಂತಿರಬಹುದು. ಬಿಳಿ ಅಕ್ಷರಗಳಲ್ಲಿ ‘ನೋ ಬೂಟಬಲ್ ಡಿವೈಸ್’ ಎಂದು ಬರಬಹುದು, ಇಲ್ಲವೇ ‘ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್’ ಎಂದು ಬರಬಹುದು. ವಿಂಡೋಸ್‌ನ ಚುಕ್ಕೆಗಳು ಒಂದಷ್ಟು ಹೊತ್ತು ಸುತ್ತಿ ನೀಲಿ ಪರದೆಗೆ ಬೀಳಬಹುದು. ಮೊದಲನೆಯದರಲ್ಲಿ ಹಾರ್ಡ್‌ಡಿಸ್ಕಿಗೆ ಸಂಬಂಧವೇ ಇಲ್ಲ. ಕೊನೆಯದರಲ್ಲಿ ಹಾರ್ಡ್‌ಡಿಸ್ಕ್, ಅದರಲ್ಲಿ ಗುರುತಿಸಿದ ಭಾಗವಾದ ಪಾರ್ಟಿಷನ್, ವಿಂಡೋಸನ್ನು ಎಬ್ಬಿಸುವ ಬೂಟ್‌ಲೋಡರ್ ಮೂರೂ ತಮ್ಮ ಪಾಲಿನ ಕೆಲಸ ಮುಗಿಸಿಯಾಗಿದೆ. ಆದರೂ ಈ ಆರಕ್ಕೂ ಸಿಗುವ ಸಲಹೆ ಬಹುಪಾಲು ಒಂದೇ: ಫಾರ್ಮ್ಯಾಟ್ ಮಾಡಿ, ಹೊಸದಾಗಿ ವಿಂಡೋಸ್ ಹಾಕಿ. ನೆಗಡಿಯಾಯಿತೆಂದು ಮೂಗು ಕೊಯ್ಯುವ ಚಿಕಿತ್ಸೆ ಇದು. ವರ್ಷಗಟ್ಟಲೆ ಕೂಡಿಟ್ಟ ಫೋಟೊ, ಕಡತಗಳು ಇದಕ್ಕೆ ಬಲಿಯಾಗುತ್ತವೆ.

ಹಾರ್ಡ್‌ಡಿಸ್ಕ್ ಮತ್ತು ಬೂಟಿಂಗ್‌ಗೆ ಸಂಬಂಧಿಸಿದ ಪದಗಳನ್ನು ಅಕಾರಾದಿಯಾಗಿ ಉರುಹೊಡೆದರೆ ಇಂಥ ಹೊತ್ತಿನಲ್ಲಿ ಕೈಹಿಡಿಯುವುದಿಲ್ಲ. ಇಲ್ಲಿನ ಪ್ರತಿ ಪದಕ್ಕೂ ಒಂದು ವಿಳಾಸವಿದೆ. ಕೆಲವು ಪದಗಳು ಡಿಸ್ಕಿನ ಮೇಲಿನ ಒಂದು ಜಾಗವನ್ನು ಹೇಳುತ್ತವೆ, ಕೆಲವು ಪವರ್ ಬಟನ್ ಒತ್ತಿದ ನಂತರದ ಒಂದು ಗಳಿಗೆಯನ್ನು ಹೇಳುತ್ತವೆ. ಆ ಜಾಗ, ಆ ಗಳಿಗೆಯ ಸಮೇತ ಪದವನ್ನು ಕಲಿತವರಿಗೆ ಪರದೆಯ ಮೇಲಿನ ದೋಷಸಂದೇಶವೇ ದಾರಿ ತೋರಿಸುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ‘500 ಜಿಬಿ ಮೆಮೊರಿ’ ಎನ್ನುವುದು ರೂಢಿಯ ಮಾತು. ಬೂಟಿಂಗ್ ಅರ್ಥವಾಗಬೇಕಾದರೆ ಈ ರೂಢಿ ಬಿಡಬೇಕು. ಮೆಮೊರಿ ಎಂದರೆ ರ‍್ಯಾಮ್, ಕರೆಂಟ್ ಹೋದರೆ ಅದರಲ್ಲಿದ್ದದ್ದೂ ಹೋಯಿತು. ಹಾರ್ಡ್‌ಡಿಸ್ಕ್, ಎಸ್‌ಎಸ್‌ಡಿ ಇವು ಸ್ಟೋರೇಜ್, ಕರೆಂಟ್ ಇಲ್ಲದೆಯೂ ಉಳಿಸಿಕೊಳ್ಳುತ್ತವೆ. ಪ್ರೊಸೆಸರ್ ಡಿಸ್ಕಿನ ಮೇಲಿರುವ ಪ್ರೋಗ್ರಾಮನ್ನು ನೇರವಾಗಿ ಓಡಿಸಲಾರದು, ಅದು ಮೊದಲು ರ‍್ಯಾಮ್‌ಗೆ ಬರಬೇಕು. ಹಾಗೆ ತರುವುದಕ್ಕೂ ಒಂದು ಪ್ರೋಗ್ರಾಮ್ ಬೇಕು. ಆ ಪ್ರೋಗ್ರಾಮನ್ನು ತರುವವರು ಯಾರು? ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಈ ಪ್ರಶ್ನೆಗೆ ಎಂಜಿನಿಯರುಗಳು ಕಂಡುಕೊಂಡ ಉತ್ತರಕ್ಕೇ ಬೂಟಿಂಗ್ ಎಂದು ಹೆಸರು. ಬೂಟುಗಳ ಹಿಂಬದಿಯಲ್ಲಿ ಎಳೆದು ಹಾಕಿಕೊಳ್ಳಲು ಇರುವ ಪಟ್ಟಿಗೆ ಇಂಗ್ಲಿಷಿನಲ್ಲಿ ಬೂಟ್‌ಸ್ಟ್ರ್ಯಾಪ್ ಎನ್ನುತ್ತಾರೆ. ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳುವುದು ಎಂಬ ಅಲ್ಲಿನ ನುಡಿಗಟ್ಟಿನಿಂದ ಈ ಪದ ಬಂತು.

ಈಗ ಡಿಸ್ಕಿನ ಒಳಗೆ ಹೋಗೋಣ. ಮಾರಾಟಕ್ಕೆ ಬಂದ ಮೊದಲ ಡಿಸ್ಕ್ ಡ್ರೈವ್ 1956ರ ಐಬಿಎಂ ರಾಮ್ಯಾಕ್ ಯಂತ್ರದ್ದು. 24 ಇಂಚು ಅಗಲದ 50 ತಟ್ಟೆಗಳು, ಹಿಡಿಸುತ್ತಿದ್ದುದು ಸುಮಾರು 50 ಲಕ್ಷ ಅಕ್ಷರ. ಗಾತ್ರ ಎಷ್ಟೋ ಪಾಲು ಕುಗ್ಗಿದರೂ ಅಂಗಾಂಗಗಳ ಹೆಸರು ಹೆಚ್ಚು ಬದಲಾಗಿಲ್ಲ. ತಟ್ಟೆಗೆ ಪ್ಲ್ಯಾಟರ್, ಅದನ್ನು ತಿರುಗಿಸುವ ಅಚ್ಚಿಗೆ ಸ್ಪಿಂಡಲ್, ಓದಿ ಬರೆಯುವ ಮೊನೆಗೆ ಹೆಡ್, ಆ ಹೆಡ್ಡನ್ನು ಹೊತ್ತು ಅತ್ತಿತ್ತ ಆಡುವ ತೋಳಿಗೆ ಆಕ್ಚುಯೇಟರ್. ಪ್ಲ್ಯಾಟರಿನ ಮೇಲಿನ ಒಂದೊಂದು ವೃತ್ತ ಒಂದು ಟ್ರ್ಯಾಕ್, ಟ್ರ್ಯಾಕಿನ ಒಂದು ತುಂಡು ಸೆಕ್ಟರ್.

ಡ್ರೈವಿನ ಮೇಲೆ 7200 ಆರ್‌ಪಿಎಂ ಎಂದು ಅಚ್ಚಾಗಿದ್ದರೆ ಪ್ಲ್ಯಾಟರ್ ನಿಮಿಷಕ್ಕೆ 7200 ಸುತ್ತು ಹಾಕುತ್ತದೆ ಎಂದರ್ಥ. ಒಂದು ಸುತ್ತಿಗೆ 8.33 ಮಿಲಿಸೆಕೆಂಡ್. ಬೇಕಾದ ಸೆಕ್ಟರ್ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4.17 ಮಿಲಿಸೆಕೆಂಡ್ ಕಾಯಬೇಕು. ಇದು ರೊಟೇಷನಲ್ ಲೇಟೆನ್ಸಿ. ಹೆಡ್ ಸರಿಯಾದ ಟ್ರ್ಯಾಕಿಗೆ ಹೋಗಿ ನಿಲ್ಲಲು ಬೇಕಾದ ಹೊತ್ತು ಸೀಕ್ ಟೈಮ್, ಅದು ಇದರ ಮೇಲೆ ಸೇರುತ್ತದೆ. ಬೂಟ್ ಆಗುವಾಗ ಓದಬೇಕಾದ ಸಾವಿರಾರು ಚಿಕ್ಕಪುಟ್ಟ ಕಡತಗಳು ಡಿಸ್ಕಿನ ತುಂಬ ಚದುರಿರುತ್ತವೆ, ಪ್ರತಿಯೊಂದಕ್ಕೂ ಈ ಎರಡೂ ಕಾಯುವಿಕೆ ತಪ್ಪಿದ್ದಲ್ಲ. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ತೋಳೂ ಇಲ್ಲ. ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿದಾಗ ಬೂಟಿಂಗ್ ಒಮ್ಮೆಗೇ ಚುರುಕಾಗುವುದು ಇದರಿಂದ.

ಹೆಡ್ ಪ್ಲ್ಯಾಟರನ್ನು ಮುಟ್ಟುವುದಿಲ್ಲ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ಕಣ್ಣಿಗೆ ಕಾಣದ ಧೂಳಿನ ಕಣವೂ ಅಲ್ಲಿ ಬಂಡೆಗಲ್ಲು. ಹಾಗಾಗಿ ಡ್ರೈವಿನ ಮುಚ್ಚಳ ತೆರೆದು ನೋಡುವ ಆಸೆಗೆ ಎಂದೂ ಬೀಳಬಾರದು. ‘ಟಿಕ್ ಟಿಕ್’ ಎಂದು ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ ಹೆಡ್ ತನ್ನ ಸ್ಥಾನದ ಗುರುತನ್ನು ಓದಲಾರದೆ ಹಿಂದೆ ಹೋಗಿ ಮತ್ತೆ ಮತ್ತೆ ಪ್ರಯತ್ನಿಸುತ್ತಿದೆ ಎಂದು ತಿಳಿಯಬೇಕು. ಆಗ ಮಾಡಬೇಕಾದ್ದು ಒಂದೇ: ಆಫ್ ಮಾಡುವುದು. ಅಂಥ ಡ್ರೈವಿನ ಮೇಲೆ ವಿಂಡೋಸಿನ ಡಿಸ್ಕ್ ತಪಾಸಣೆಯ ಸಲಕರಣೆಯಾದ ಚೆಕ್‌ಡಿಸ್ಕ್ ಓಡಿಸುವುದೆಂದರೆ ಕಾಲು ಮುರಿದವರನ್ನು ಓಡಿಸಿದಂತೆ. ಡ್ರೈವನ್ನು ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಮಾತೊಂದು ಈಗಲೂ ಹರಿದಾಡುತ್ತದೆ. ಹೊರತೆಗೆದ ಕೂಡಲೇ ಒಳಗೆ ಹನಿಗಟ್ಟಿ ಇದ್ದ ಅವಕಾಶವೂ ಕೈತಪ್ಪಬಹುದು.

ಡ್ರೈವ್ ಸಾಯುವ ಮುನ್ನ ಹಲವು ಬಾರಿ ಸೂಚನೆ ಕೊಡುತ್ತದೆ, ಆ ಸೂಚನೆಯ ವ್ಯವಸ್ಥೆಗೆ ಸ್ಮಾರ್ಟ್ ಎಂದು ಹೆಸರು. ಅದು ತೋರಿಸುವ ಉದ್ದನೆಯ ಪಟ್ಟಿಯಲ್ಲಿ ಮೂರು ಸಾಲು ಗುರುತಿಟ್ಟುಕೊಂಡರೆ ಬಹುಪಾಲು ಕೆಲಸ ನಡೆಯುತ್ತದೆ. 5ನೆಯ ಸಂಖ್ಯೆಯದು ರೀಅಲೊಕೇಟೆಡ್ ಸೆಕ್ಟರ್: ಕೆಟ್ಟುಹೋದ ಸೆಕ್ಟರಿನ ಬದಲು ಮೀಸಲು ಜಾಗದಿಂದ ಎಷ್ಟನ್ನು ಬಳಸಿಕೊಂಡಿದೆ ಎಂಬ ಲೆಕ್ಕ. 197ನೆಯದು ಪೆಂಡಿಂಗ್ ಸೆಕ್ಟರ್: ಓದಲು ಆಗುತ್ತಿಲ್ಲ, ಇನ್ನೂ ತೀರ್ಮಾನವಾಗಿಲ್ಲ ಎಂಬಂಥವು. ಇವೆರಡು ಸಂಖ್ಯೆಗಳು ದಿನದಿಂದ ದಿನಕ್ಕೆ ಏರುತ್ತಿದ್ದರೆ ಅಂದೇ ಬ್ಯಾಕಪ್ ತೆಗೆಯಬೇಕು. 199ನೆಯದು ಸಿಆರ್‌ಸಿ ದೋಷ, ಇದರ ಕಥೆ ಬೇರೆ. ಡ್ರೈವಿಗೂ ಮದರ್‌ಬೋರ್ಡಿಗೂ ನಡುವೆ ಮಾಹಿತಿ ಸಾಗುವಾಗ ಆದ ಎಡವಟ್ಟುಗಳನ್ನು ಇದು ಎಣಿಸುತ್ತದೆ. ಇದೊಂದೇ ಏರುತ್ತಿದ್ದರೆ ಮೊದಲು ಬದಲಿಸಬೇಕಾದ್ದು ಡ್ರೈವನ್ನಲ್ಲ, ಅವೆರಡನ್ನೂ ಜೋಡಿಸುವ ಸಾಟಾ ಕೇಬಲನ್ನು.

ಎಸ್‌ಎಸ್‌ಡಿಯ ಒಳಗೆ ಪ್ಲ್ಯಾಟರ್ ಇಲ್ಲದ ಮೇಲೆ ಸೆಕ್ಟರ್ ಎಲ್ಲಿಂದ ಬಂತು? ನಿಜದಲ್ಲಿ ಅಲ್ಲಿರುವುದು ಪೇಜ್ ಮತ್ತು ಬ್ಲಾಕ್. ಬರೆಯುವುದು ಪೇಜಿನ ಲೆಕ್ಕದಲ್ಲಿ, ಅಳಿಸುವುದು ನೂರಾರು ಪೇಜುಗಳ ಒಂದು ಬ್ಲಾಕಿನ ಲೆಕ್ಕದಲ್ಲಿ. ಹೊರಗಿನವರಿಗೆ ಹಳೆಯ ಭಾಷೆಯಲ್ಲೇ ಉತ್ತರ ಕೊಡಲು ಒಳಗೊಂದು ಕಂಟ್ರೋಲರ್ ಕೂತಿದೆ. ಇಂತಿಂಥ ಸೆಕ್ಟರುಗಳು ಇನ್ನು ಬೇಡ ಎಂದು ಆಪರೇಟಿಂಗ್ ಸಿಸ್ಟಮ್ ಅದಕ್ಕೆ ತಿಳಿಸುವ ಆಜ್ಞೆ ಟ್ರಿಮ್. ಅಳಿಸಿದ ಕಡತವನ್ನು ಹಾರ್ಡ್‌ಡಿಸ್ಕಿನಿಂದ ಮರಳಿ ಪಡೆಯುವ ಸಾಧ್ಯತೆ ಸಾಕಷ್ಟಿದ್ದು, ಎಸ್‌ಎಸ್‌ಡಿಯಿಂದ ಬಹಳ ಕಡಿಮೆ ಇರುವುದು ಈ ಟ್ರಿಮ್‌ನಿಂದಾಗಿ.

ಒಳಗೆ ಏನೇ ಇರಲಿ, ಇಂದಿನ ಯಾವ ಡ್ರೈವನ್ನೇ ಆದರೂ ಹೊರಗಿನಿಂದ ನೋಡಿದರೆ ಅದು ಸೊನ್ನೆಯಿಂದ ಶುರುವಾಗಿ ಸಾಲಾಗಿ ನಂಬರು ಹಾಕಿದ ಸೆಕ್ಟರುಗಳ ಒಂದು ಉದ್ದನೆಯ ಪಟ್ಟಿ. ಈ ನಂಬರಿಗೆ ಎಲ್‌ಬಿಎ ಎನ್ನುತ್ತಾರೆ. ಒಂದು ಸೆಕ್ಟರಿಗೆ 512 ಬೈಟ್ ಎಂಬುದು ಬಹುಕಾಲದ ಅಳತೆ. ಈಗಿನ ಬಹಳಷ್ಟು ಡ್ರೈವ್‌ಗಳು ಒಳಗೆ 4096 ಬೈಟಿನ ಸೆಕ್ಟರ್ ಇಟ್ಟುಕೊಂಡು ಹೊರಗೆ 512 ಎಂದೇ ತೋರಿಸಿಕೊಳ್ಳುತ್ತವೆ. ಹಿಂದೆ ಮೊದಲ ಪಾರ್ಟಿಷನ್ 63ನೆಯ ಸೆಕ್ಟರಿನಿಂದ ಶುರುವಾಗುತ್ತಿತ್ತು. 63 ಎಂಟರಿಂದ ಭಾಗವಾಗದ ಕಾರಣ ಹೊರಗಿನ ಸೆಕ್ಟರುಗಳ ಗಡಿ ಒಳಗಿನದರೊಂದಿಗೆ ಹೊಂದದೆ, ಒಂದು ಬರಹಕ್ಕೆ ಎರಡು ಸೆಕ್ಟರ್ ಮುಟ್ಟಬೇಕಾಗಿ ವೇಗ ಕುಸಿಯುತ್ತಿತ್ತು. ಇಂದಿನ ಸಲಕರಣೆಗಳು 2048ನೆಯ ಸೆಕ್ಟರಿನಿಂದ, ಸರಿಯಾಗಿ ಒಂದು ಮೆಗಾಬೈಟ್ ಬಿಟ್ಟು ಶುರುಮಾಡುತ್ತವೆ. ಅಲೈನ್‌ಮೆಂಟ್ ಎಂಬ ಪದ ಕಂಡರೆ ಅದು ಈ ಹೊಂದಾಣಿಕೆಯ ಮಾತು.

ಒಂದು ಟಿಬಿ ಡ್ರೈವ್ 931 ಜಿಬಿ ಎಂದು ಕಾಣುವುದು ಮೋಸವಲ್ಲ. ತಯಾರಕರ ಒಂದು ಟಿಬಿ ಎಂದರೆ ಒಂದು ಲಕ್ಷ ಕೋಟಿ ಬೈಟ್. ವಿಂಡೋಸ್ ಅದನ್ನು 1024ರಿಂದ ಮೂರು ಸಲ ಭಾಗಿಸಿ ಜಿಬಿ ಎಂದು ಬರೆಯುತ್ತದೆ. ಅಷ್ಟೇ.

ನಷ್ಟ ಹೆಚ್ಚಾಗಿ ಆಗುವುದು ಮುಂದಿನ ನಾಲ್ಕು ಪದಗಳನ್ನು ಒಂದೇ ಎಂದುಕೊಂಡಾಗ: ಡಿಸ್ಕ್, ಪಾರ್ಟಿಷನ್, ಫೈಲ್ ಸಿಸ್ಟಮ್, ವಾಲ್ಯೂಮ್. ಡಿಸ್ಕ್ ಎಂದರೆ ಕೈಯಲ್ಲಿ ಹಿಡಿಯಬಹುದಾದ ವಸ್ತು, ಇಡೀ ಹೊಲ ಎನ್ನಿ. ಪಾರ್ಟಿಷನ್ ಎಂದರೆ ಅದರಲ್ಲಿ ಬದು ಹಾಕಿ ಗುರುತಿಸಿದ ಒಂದು ಪಟ್ಟಿ, ‘ಇಷ್ಟನೆಯ ಸೆಕ್ಟರಿನಿಂದ ಇಷ್ಟು ಸೆಕ್ಟರ್’ ಎಂಬ ಬರಹಕ್ಕಿಂತ ಹೆಚ್ಚಿನದೇನಲ್ಲ. ಫೈಲ್ ಸಿಸ್ಟಮ್ ಎಂದರೆ ಆ ಪಟ್ಟಿಯೊಳಗೆ ಯಾವ ಕಡತ ಎಲ್ಲಿದೆ, ಅದರ ಹೆಸರೇನು, ಯಾವ ಜಾಗ ಖಾಲಿ ಎಂಬುದರ ಲೆಕ್ಕಪುಸ್ತಕ. ಎನ್‌ಟಿಎಫ್‌ಎಸ್, ಫ್ಯಾಟ್32, ಎಕ್ಸ್‌ಫ್ಯಾಟ್, ಇಎಕ್ಸ್‌ಟಿ4 ಇವು ಆ ಲೆಕ್ಕ ಬರೆಯುವ ಬೇರೆ ಬೇರೆ ಪದ್ಧತಿಗಳು. ಹೀಗೆ ಲೆಕ್ಕಪುಸ್ತಕ ಸಿದ್ಧವಿದ್ದು ಬಳಕೆಗೆ ಒದಗುವ ಜಾಗ ವಾಲ್ಯೂಮ್, ವಿಂಡೋಸ್ ಅದಕ್ಕೆ ಸಿ, ಡಿ, ಇ ಎಂಬ ಅಕ್ಷರ ಅಂಟಿಸುತ್ತದೆ. ಎ ಮತ್ತು ಬಿ ಫ್ಲಾಪಿಗಳಿಗೆ ಹೋಗಿದ್ದರಿಂದ ಹಾರ್ಡ್‌ಡಿಸ್ಕಿಗೆ ಸಿ ಉಳಿಯಿತು. ಲಿನಕ್ಸ್ ಅಕ್ಷರ ಕೊಡುವ ಬದಲು ವಾಲ್ಯೂಮನ್ನು ಒಂದು ಫೋಲ್ಡರಿಗೆ ಕೂಡಿಸುತ್ತದೆ, ಅದು ಮೌಂಟ್.

‘ಡಿ ಡ್ರೈವ್ ಇದೆಯಲ್ಲ, ಅದಕ್ಕೆ ಬ್ಯಾಕಪ್ ಹಾಕಿದ್ದೇನೆ’ ಎಂದು ನೆಮ್ಮದಿಯಾಗಿರುವವರು ಈ ನಾಲ್ಕು ಪದಗಳನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಬೇಕು. ಸಿ ಮತ್ತು ಡಿ ಎರಡು ವಾಲ್ಯೂಮ್, ಎರಡು ಪಾರ್ಟಿಷನ್. ಲ್ಯಾಪ್‌ಟಾಪಿನಲ್ಲಿ ಬಹುತೇಕ ಸಲ ಡಿಸ್ಕ್ ಮಾತ್ರ ಒಂದೇ. ಹೆಡ್ ಕೆಟ್ಟ ದಿನ ಎರಡೂ ಒಟ್ಟಿಗೇ ಹೋಗುತ್ತವೆ.

ಇನ್ನು ಕ್ರಿಯಾಪದಗಳು. ಇನಿಷಿಯಲೈಸ್ ಎಂದರೆ ಡಿಸ್ಕಿಗೆ ಹೊಸ ಪಾರ್ಟಿಷನ್ ಪಟ್ಟಿ ಬರೆಯುವುದು. ಡಿಲೀಟ್ ಎಂದರೆ ಆ ಪಟ್ಟಿಯಿಂದ ಒಂದು ಸಾಲು ಹೊಡೆದುಹಾಕುವುದು, ಒಳಗಿನ ಮಾಹಿತಿ ತಕ್ಷಣಕ್ಕೆ ಇದ್ದಲ್ಲೇ ಇರುತ್ತದೆ. ಕ್ವಿಕ್ ಫಾರ್ಮ್ಯಾಟ್ ಎಂದರೆ ಪಾರ್ಟಿಷನ್ನನ್ನು ಹಾಗೇ ಬಿಟ್ಟು ಹೊಸ ಲೆಕ್ಕಪುಸ್ತಕ ತೆರೆಯುವುದು. ಕ್ವಿಕ್ ಎಂಬ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ವಿಸ್ತಾದಿಂದ ಈಚಿನ ಆವೃತ್ತಿಗಳು ಇಡೀ ಪಾರ್ಟಿಷನ್ ಮೇಲೆ ಸೊನ್ನೆ ಬರೆಯುತ್ತವೆ, ಅಲ್ಲಿಂದ ಮರಳಿ ಪಡೆಯುವ ಮಾತಿಲ್ಲ. ಪಾರ್ಟಿಷನ್ ಕೆಲಸಕ್ಕೆಂದು ವಿಂಡೋಸಿನಲ್ಲಿರುವ ಡಿಸ್ಕ್‌ಪಾರ್ಟ್ ಎಂಬ ಸಲಕರಣೆಯ ಕ್ಲೀನ್ ಎಂಬ ಆಜ್ಞೆ ಹೆಸರಿಗೆ ಸೌಮ್ಯವಾಗಿದ್ದರೂ ಆಯ್ದ ಡಿಸ್ಕಿನ ಪಾರ್ಟಿಷನ್ ಪಟ್ಟಿಯನ್ನೇ ಒರೆಸುತ್ತದೆ, ‘ಖಂಡಿತವೇ’ ಎಂದು ಕೇಳುವುದೂ ಇಲ್ಲ. ಪೆನ್‌ಡ್ರೈವ್ ಎಂದುಕೊಂಡು ಡಿಸ್ಕ್ 0 ಆಯ್ದವರ ಗತಿ ಹೇಳಬೇಕಿಲ್ಲ. ಕ್ಲೀನ್ ಕೊಡುವ ಮುನ್ನ ‘ಲಿಸ್ಟ್ ಡಿಸ್ಕ್’ ಕೊಟ್ಟು ಗಾತ್ರ ನೋಡಿ ಖಚಿತಪಡಿಸಿಕೊಳ್ಳುವುದು, ಆಮೇಲೆ ಇನ್ನೊಮ್ಮೆ ನೋಡುವುದು ಅತಿಯಾದ ಎಚ್ಚರಿಕೆ ಏನಲ್ಲ.

ಹೊರಗಿನ ಹಾರ್ಡ್‌ಡಿಸ್ಕ್ ಜೋಡಿಸಿದಾಗ ‘ಬಳಸುವ ಮುನ್ನ ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂಬ ಕಿಟಕಿ ಬಂದರೆ ಅದನ್ನು ಅಪ್ಪಣೆ ಎಂದು ಓದಬೇಡಿ. ಅದರ ನಿಜವಾದ ಅರ್ಥ ‘ಇಲ್ಲಿರುವ ಲೆಕ್ಕಪುಸ್ತಕ ನನಗೆ ಓದಲು ಬರುತ್ತಿಲ್ಲ’ ಎಂದಷ್ಟೇ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಜಾಗ ‘ರಾ’ ಎಂದು ಕಾಣುತ್ತದೆ. ಲಿನಕ್ಸಿನಲ್ಲಿ ಸಿದ್ಧಪಡಿಸಿದ ಡಿಸ್ಕ್ ಆಗಿರಬಹುದು, ಬರೆಯುತ್ತಿದ್ದಾಗಲೇ ಕೇಬಲ್ ಕಿತ್ತದ್ದರಿಂದ ಲೆಕ್ಕ ಕೆಟ್ಟಿರಬಹುದು, ಮೊದಲ ಕೆಲವು ಸೆಕ್ಟರುಗಳೇ ಬ್ಯಾಡ್ ಆಗಿರಬಹುದು. ಕ್ಯಾನ್ಸಲ್ ಒತ್ತಿ, ಬೇರೆ ಕೇಬಲ್, ಬೇರೆ ಯುಎಸ್‌ಬಿ ಪೋರ್ಟ್, ಬೇರೆ ಕಂಪ್ಯೂಟರ್ ಈ ಕ್ರಮದಲ್ಲಿ ನೋಡಿ. ಆಗಲೂ ಬಾರದಿದ್ದರೆ ಡಿಡಿರೆಸ್ಕ್ಯೂನಂಥ ಸಲಕರಣೆಯಿಂದ ಸೆಕ್ಟರಿಗೆ ಸೆಕ್ಟರ್ ನಕಲು ತೆಗೆದು, ದುರಸ್ತಿಯ ಪ್ರಯೋಗಗಳನ್ನೆಲ್ಲ ಆ ನಕಲಿನ ಮೇಲೆ ಮಾಡುವುದು ಕ್ಷೇಮ.

ಪಾರ್ಟಿಷನ್ ಪಟ್ಟಿ ಬರೆಯಲು ಎರಡು ಪದ್ಧತಿಗಳಿವೆ, ಎಂಬಿಆರ್ ಮತ್ತು ಜಿಪಿಟಿ. ಬೂಟಿಂಗ್‌ನ ಅರ್ಧ ಶಬ್ದಕೋಶ ಇವೆರಡರ ಸುತ್ತಲೇ ಇರುವುದರಿಂದ ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಎಂಬಿಆರ್ ಎಂದರೆ ಡಿಸ್ಕಿನ ಸೊನ್ನೆಯ ಸೆಕ್ಟರ್, ಬರೀ 512 ಬೈಟ್. ಮೊದಲ 446 ಬೈಟ್ ಬೂಟ್ ಕೋಡಿಗೆ. ಮುಂದಿನ 64 ಬೈಟ್ ಪಾರ್ಟಿಷನ್ ಪಟ್ಟಿಗೆ, ಒಂದೊಂದಕ್ಕೆ 16 ಬೈಟಿನಂತೆ ನಾಲ್ಕು ಸಾಲು. ಕೊನೆಯ ಎರಡು ಬೈಟಿನಲ್ಲಿ 55 ಮತ್ತು ಎಎ ಎಂಬ ಸಹಿ. ಪ್ರೈಮರಿ ಪಾರ್ಟಿಷನ್ ನಾಲ್ಕೇ ಇರಬೇಕೆಂಬ ನಿಯಮ ಎಲ್ಲಿಂದ ಬಂತೆಂದು ತಲೆಕೆಡಿಸಿಕೊಳ್ಳಬೇಕಿಲ್ಲ, ಜಾಗ ಇದ್ದದ್ದೇ ನಾಲ್ಕು ಸಾಲಿಗೆ. ಐದನೆಯದು ಬೇಕೆಂದವರಿಗಾಗಿ ಒಂದು ಸಾಲನ್ನು ಎಕ್ಸ್‌ಟೆಂಡೆಡ್ ಎಂದು ಕರೆದು ಅದರೊಳಗೆ ಲಾಜಿಕಲ್ ಪಾರ್ಟಿಷನ್‌ಗಳನ್ನು ಸರಪಣಿಯಂತೆ ಪೋಣಿಸುವ ಉಪಾಯ ಹುಟ್ಟಿತು. 16 ಬೈಟಿನ ಆ ಸಾಲಿನಲ್ಲಿ ಮೊದಲ ಬೈಟ್ ಹದಿನಾರರ ಎಣಿಕೆಯ 80 ಆಗಿದ್ದರೆ ಆ ಪಾರ್ಟಿಷನ್ ಆಕ್ಟಿವ್, ಬೂಟ್ ಆಗಬೇಕಾದ್ದು ಅದರಿಂದ. ಕೊನೆಯ ಎಂಟು ಬೈಟಿನಲ್ಲಿ ನಾಲ್ಕು ‘ಎಲ್ಲಿಂದ’ ಎಂಬುದಕ್ಕೆ, ನಾಲ್ಕು ‘ಎಷ್ಟು’ ಎಂಬುದಕ್ಕೆ. ನಾಲ್ಕು ಬೈಟ್ ಎಂದರೆ 32 ಬಿಟ್, ಅದರಲ್ಲಿ ಎಣಿಸಬಹುದಾದ ಸೆಕ್ಟರ್ 4,29,49,67,296. ಅದನ್ನು 512ರಿಂದ ಗುಣಿಸಿ ನೋಡಿದರೆ ಸುಮಾರು 2.2 ಟಿಬಿ. ಎಂಬಿಆರ್ ಡಿಸ್ಕಿನಲ್ಲಿ ವಿಂಡೋಸಿನ ಲೆಕ್ಕದ 2 ಟಿಬಿ ದಾಟಿದ ಜಾಗ ಬಳಕೆಗೆ ಸಿಗದಿರುವುದಕ್ಕೆ ಕಾರಣ ಈ ಗುಣಾಕಾರ.

ಜಿಪಿಟಿ ಈ ಇಕ್ಕಟ್ಟುಗಳನ್ನು ಬಿಡಿಸಿತು. ಸೆಕ್ಟರ್ ನಂಬರಿಗೆ 64 ಬಿಟ್, ಸಾಮಾನ್ಯವಾಗಿ 128 ಪಾರ್ಟಿಷನ್‌ಗಳಿಗೆ ಜಾಗ, ಪಟ್ಟಿ ಕೆಟ್ಟಿದೆಯೇ ಎಂದು ಪರೀಕ್ಷಿಸಲು ಸಿಆರ್‌ಸಿ ಲೆಕ್ಕ, ಡಿಸ್ಕಿನ ಕಟ್ಟಕಡೆಯಲ್ಲಿ ಇಡೀ ಪಟ್ಟಿಯ ಇನ್ನೊಂದು ಪ್ರತಿ. ಸೊನ್ನೆಯ ಸೆಕ್ಟರಿನಲ್ಲಿ ಮಾತ್ರ ಈಗಲೂ ಒಂದು ಎಂಬಿಆರ್ ಇರುತ್ತದೆ, ಅದಕ್ಕೆ ಪ್ರೊಟೆಕ್ಟಿವ್ ಎಂಬಿಆರ್ ಎಂದು ಹೆಸರು. ಜಿಪಿಟಿ ಅರಿಯದ ಹಳೆಯ ಸಾಫ್ಟ್‌ವೇರ್ ಡಿಸ್ಕ್ ಖಾಲಿ ಎಂದುಕೊಂಡು ಬರೆದುಬಿಡದಂತೆ ‘ಇದೆಲ್ಲ ಈಗಾಗಲೇ ತುಂಬಿದೆ’ ಎಂದು ಅದು ಹೇಳುತ್ತದೆ.

ಪವರ್ ಬಟನ್ ಒತ್ತಿದೊಡನೆ ಪ್ರೊಸೆಸರ್ ಮೊದಲೇ ಗೊತ್ತುಮಾಡಿದ ಒಂದು ವಿಳಾಸಕ್ಕೆ ಹೋಗುತ್ತದೆ. ಮದರ್‌ಬೋರ್ಡಿನ ಚಿಪ್ಪಿನಲ್ಲಿ ಬರೆದಿಟ್ಟ ಪ್ರೋಗ್ರಾಮ್ ಆದ ಫರ್ಮ್‌ವೇರ್ ಅಲ್ಲಿ ಕಾದಿರುತ್ತದೆ. ಅದು ಮೊದಲು ರ‍್ಯಾಮ್, ಗ್ರಾಫಿಕ್ಸ್, ಕೀಬೋರ್ಡ್‌ಗಳನ್ನು ಎಚ್ಚರಿಸಿ ಪರೀಕ್ಷಿಸುತ್ತದೆ, ಈ ಹಂತ ಪೋಸ್ಟ್. ಬೀಪ್ ಸದ್ದುಗಳು ಬರುವುದು ಈ ಹಂತದಲ್ಲಿ. ಫ್ಯಾನ್ ತಿರುಗಿ ಪರದೆ ಕಪ್ಪಾಗಿದ್ದರೆ ಯಂತ್ರ ಇನ್ನೂ ಪೋಸ್ಟ್ ದಾಟಿಲ್ಲದಿರುವ ಸಂಭವ ಹೆಚ್ಚು. ರ‍್ಯಾಮ್ ಕಡ್ಡಿಗಳನ್ನು ಬಿಚ್ಚಿ, ಒಂದೊಂದಾಗಿ ಕೂರಿಸಿ ನೋಡುವುದು ಆಗಿನ ಕೆಲಸ. ಅಲ್ಲಿ ನಿಂತು ಹಾರ್ಡ್‌ಡಿಸ್ಕಿನ ಮಾತಾಡಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಪೋಸ್ಟ್ ಮುಗಿದ ಮೇಲೆ ಬೂಟ್ ಆರ್ಡರ್ ನೋಡಿ ಡ್ರೈವ್ ಹುಡುಕುವ ಸರದಿ. ಇಲ್ಲಿ ದಾರಿ ಕವಲೊಡೆಯುತ್ತದೆ. ಹಳೆಯ ಬಗೆಯ ಫರ್ಮ್‌ವೇರ್ ಆದ ಬಯೋಸ್‌ಗೆ ಫೈಲ್ ಸಿಸ್ಟಮ್ ಎಂದರೇನೆಂದೇ ಗೊತ್ತಿಲ್ಲ. ಸೊನ್ನೆಯ ಸೆಕ್ಟರನ್ನು ರ‍್ಯಾಮ್‌ಗೆ ತಂದು, 55 ಎಎ ಸಹಿ ನೋಡಿ, ಅಲ್ಲಿಗೆ ಜಿಗಿದುಬಿಡುತ್ತದೆ. 446 ಬೈಟಿನಲ್ಲಿ ದೊಡ್ಡ ಕೆಲಸವೇನೂ ಹಿಡಿಸದು. ಆ ಕೋಡ್ ಆಕ್ಟಿವ್ ಪಾರ್ಟಿಷನ್ ಹುಡುಕಿ ಅದರ ಮೊದಲ ಸೆಕ್ಟರನ್ನು ಕರೆಯುತ್ತದೆ, ಆ ಸೆಕ್ಟರ್ ಬೂಟ್‌ಎಂಜಿಆರ್ ಎಂಬ ಕಡತವನ್ನು ಕರೆಯುತ್ತದೆ. ಲಿನಕ್ಸಿನ ಬೂಟ್‌ಲೋಡರ್ ಗ್ರಬ್ ಆದರೆ ತನ್ನ ಎರಡನೆಯ ತುಂಡನ್ನು ಎಂಬಿಆರ್‌ಗೂ ಮೊದಲ ಪಾರ್ಟಿಷನ್‌ಗೂ ನಡುವಿನ ಖಾಲಿ ಸೆಕ್ಟರುಗಳಲ್ಲಿ ಇಟ್ಟುಕೊಂಡಿರುತ್ತದೆ.

ಯುಇಎಫ್‌ಐ ಎಂಬ ಹೊಸ ಬಗೆಯ ಫರ್ಮ್‌ವೇರ್ ಹೆಚ್ಚು ಓದಿಕೊಂಡದ್ದು. ಅದಕ್ಕೆ ಫ್ಯಾಟ್ ಫೈಲ್ ಸಿಸ್ಟಮ್ ಗೊತ್ತು. ಡಿಸ್ಕಿನ ಮೇಲಿನ ಇಎಫ್‌ಐ ಸಿಸ್ಟಮ್ ಪಾರ್ಟಿಷನ್, ಚುಟುಕಾಗಿ ಇಎಸ್‌ಪಿ ಎಂಬ ಸಣ್ಣ ಪಾರ್ಟಿಷನ್ನನ್ನು ತೆರೆದು ಅಲ್ಲಿಂದ ಬೂಟ್‌ಲೋಡರ್ ಕಡತವನ್ನು ನೇರವಾಗಿ ಓಡಿಸುತ್ತದೆ. ಯಾವ ಕಡತ ಎಂಬ ಬೂಟ್ ಎಂಟ್ರಿ ಇರುವುದು ಕರೆಂಟ್ ಹೋದರೂ ಮರೆಯದ, ಮದರ್‌ಬೋರ್ಡಿನ ಎನ್‌ವಿರ‍್ಯಾಮ್‌ನಲ್ಲಿ. ಈ ವಾಕ್ಯವನ್ನು ಎರಡು ಸಲ ಓದಬೇಕು. ಎಂಟ್ರಿ ಬೋರ್ಡಿನಲ್ಲಿದೆ, ಕಡತ ಡಿಸ್ಕಿನಲ್ಲಿದೆ. ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದಾಗ ಎಂಟ್ರಿ ಜೊತೆಗೆ ಬರುವುದಿಲ್ಲ. ಆಗ ಫರ್ಮ್‌ವೇರ್ ಇಎಸ್‌ಪಿಯ ಒಳಗೆ ಇಎಫ್‌ಐ ಫೋಲ್ಡರ್, ಅದರೊಳಗೆ ಬೂಟ್ ಫೋಲ್ಡರ್, ಅದರೊಳಗೆ ಬೂಟ್‌ಎಕ್ಸ್64 ಎಂಬ ಕಡತ ಇದೆಯೇ ಎಂದು ನೋಡುತ್ತದೆ. ಈ ಕೊನೆಯ ಆಸರೆಗೆ ಫಾಲ್‌ಬ್ಯಾಕ್ ಪಾತ್ ಎನ್ನುತ್ತಾರೆ. ಎಲ್ಲೂ ನೋಂದಣಿಯಾಗದ ಪೆನ್‌ಡ್ರೈವಿನಿಂದ ಬೂಟ್ ಆಗುವುದು ಈ ದಾರಿಯಲ್ಲೇ.

ವಿಂಡೋಸ್ ಹಾಕುವಾಗ ತಾನಾಗಿ ಮಾಡಿಕೊಳ್ಳುವ ಇಎಸ್‌ಪಿ ಸಾಮಾನ್ಯವಾಗಿ 100 ಎಂಬಿ. ‘ಇದ್ಯಾವುದೋ ಕೆಲಸಕ್ಕೆ ಬಾರದ ಚಿಕ್ಕ ಪಾರ್ಟಿಷನ್’ ಎಂದು ಅದನ್ನು ಅಳಿಸಿದವರ ಸಂಖ್ಯೆ ಸಣ್ಣದಲ್ಲ. ಮರುದಿನ ‘ನೋ ಬೂಟಬಲ್ ಡಿವೈಸ್’. ಸಿ ಡ್ರೈವಿನಲ್ಲಿ ಎಲ್ಲವೂ ಸುರಕ್ಷಿತವಾಗಿದ್ದರೂ ಅಲ್ಲಿಗೆ ಹೋಗುವ ಬಾಗಿಲಿಲ್ಲ. ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಮೊದಲ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಕಮಾಂಡ್ ಪ್ರಾಂಪ್ಟ್ ತೆರೆಯುತ್ತದೆ. ಡಿಸ್ಕ್‌ಪಾರ್ಟ್‌ನಲ್ಲಿ ಆ ಖಾಲಿ ಜಾಗಕ್ಕೆ ಹೊಸ ಇಎಫ್‌ಐ ಪಾರ್ಟಿಷನ್ ಮಾಡಿ, ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಒಂದು ಅಕ್ಷರ ಕೊಡಬೇಕು. ನಂತರ ಬಿಸಿಡಿಬೂಟ್ ಎಂಬ ಆಜ್ಞೆಗೆ ವಿಂಡೋಸ್ ಫೋಲ್ಡರಿನ ವಿಳಾಸವನ್ನೂ ಆ ಅಕ್ಷರವನ್ನೂ ಕೊಟ್ಟರೆ ಬೂಟ್ ಕಡತಗಳು ಮತ್ತೆ ಬರೆದುಕೊಳ್ಳುತ್ತವೆ. ಇಲ್ಲಿ ಎಡವುವ ಜಾಗ ಒಂದಿದೆ: ಪೆನ್‌ಡ್ರೈವಿನಿಂದ ಬೂಟ್ ಆದಾಗ ನಿಮ್ಮ ಸಿ ಡ್ರೈವ್ ಡಿ ಎಂದೋ ಇ ಎಂದೋ ಕಾಣಬಹುದು. ‘ಲಿಸ್ಟ್ ವಾಲ್ಯೂಮ್’ ಕೊಟ್ಟು ಗಾತ್ರದಿಂದ ಗುರುತಿಸಿಕೊಂಡ ಮೇಲೇ ಆಜ್ಞೆ ಬರೆಯಬೇಕು.

ಬಯೋಸ್ ಜೊತೆ ಎಂಬಿಆರ್, ಯುಇಎಫ್‌ಐ ಜೊತೆ ಜಿಪಿಟಿ ಎಂಬುದು ಸಾಮಾನ್ಯ ಜೋಡಿ. ಇನ್‌ಸ್ಟಾಲ್ ಮಾಡುವಾಗ ‘ಆಯ್ದ ಡಿಸ್ಕಿನಲ್ಲಿ ಎಂಬಿಆರ್ ಪಟ್ಟಿಯಿದೆ, ಇಎಫ್‌ಐ ವ್ಯವಸ್ಥೆಯಲ್ಲಿ ಜಿಪಿಟಿಗೆ ಮಾತ್ರ ಹಾಕಬಹುದು’ ಎಂಬ ತಕರಾರು ಬಂದರೆ ಡಿಸ್ಕ್ ಕೆಟ್ಟಿಲ್ಲ, ಜೋಡಿ ತಪ್ಪಿದೆ. ಒಂದೇ ಪೆನ್‌ಡ್ರೈವ್ ಬೂಟ್ ಮೆನುವಿನಲ್ಲಿ ಎರಡು ಸಲ, ಒಮ್ಮೆ ಯುಇಎಫ್‌ಐ ಎಂಬ ಮುನ್ನುಡಿಯೊಂದಿಗೆ, ಒಮ್ಮೆ ಅದಿಲ್ಲದೆ ಕಾಣಿಸಬಹುದು. ಯಾವುದನ್ನು ಆಯ್ದಿರೋ ಅದೇ ಬಗೆಯ ಇನ್‌ಸ್ಟಾಲ್ ಆಗುತ್ತದೆ. ಈಗಾಗಲೇ ಎಂಬಿಆರ್‌ನಲ್ಲಿರುವ ವಿಂಡೋಸನ್ನು ಮಾಹಿತಿ ಅಳಿಸದೆ ಬದಲಿಸಲು ವಿಂಡೋಸ್ 10ರ 1703 ಆವೃತ್ತಿಯಿಂದ ಎಂಬಿಆರ್2ಜಿಪಿಟಿ ಎಂಬ ಸಲಕರಣೆ ಬಂದಿದೆ. ಅದನ್ನು ಓಡಿಸಿದ ಮೇಲೆ ಫರ್ಮ್‌ವೇರ್ ಸೆಟಪ್‌ನಲ್ಲಿ ಲೆಗಸಿ (ಹಳೆಯ ಬಯೋಸ್ ಬಗೆ) ಎಂದಿರುವುದನ್ನು ಯುಇಎಫ್‌ಐಗೆ ಬದಲಿಸಬೇಕು. ಮರೆತರೆ ಬೂಟ್ ಆಗುವುದಿಲ್ಲ.

ಬೂಟ್‌ಲೋಡರ್ ಕೆಲಸ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲನ್ನು ರ‍್ಯಾಮ್‌ಗೆ ತರುವುದು. ಲಿನಕ್ಸಿನಲ್ಲಿ ಇದರ ಜೊತೆಗೆ ಇನಿಟ್‌ರ‍್ಯಾಮ್‌ಎಫ್‌ಎಸ್ ಎಂಬ ಪುಟ್ಟ ಗಂಟೊಂದು ಬರುತ್ತದೆ. ಲಿನಕ್ಸ್ ಇರುವ ರೂಟ್ ಪಾರ್ಟಿಷನ್ ಓದಲು ಬೇಕಾದ ಡ್ರೈವರ್ ಎಂಬ ಸಹಾಯಕ ಪ್ರೋಗ್ರಾಮ್ ಆ ಪಾರ್ಟಿಷನ್ ಒಳಗೇ ಇದ್ದರೆ ಅದನ್ನು ತರುವುದು ಹೇಗೆ? ಅಂಥವನ್ನು ಈ ಗಂಟಿನಲ್ಲಿ ಮೊದಲೇ ಕಟ್ಟಿಟ್ಟಿರುತ್ತಾರೆ. ‘ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್’ ಎಂದು ಕರ್ನಲ್ ಪ್ಯಾನಿಕ್ ಆದರೆ ಬೂಟ್‌ಲೋಡರ್ ಗೆದ್ದಿದೆ, ಕರ್ನಲ್ ಬಂದಿದೆ, ಈ ಗಂಟು ಇಲ್ಲವಾಗಿದೆ ಇಲ್ಲವೇ ರೂಟ್‌ನ ವಿಳಾಸ ತಪ್ಪಾಗಿದೆ ಎಂದು ಓದಬೇಕು. ವಿಂಡೋಸಿನ ನೀಲಿ ಪರದೆಯಲ್ಲಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ಬರುವುದೂ ಇದೇ ಜಾಗದ ದೋಷ. ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತು ಸೆಟಪ್‌ನ ಆಯ್ಕೆಗಳು ಮೊದಲಿನ ಸ್ಥಿತಿಗೆ ಮರಳಿದಾಗ ಬೋರ್ಡ್ ಡ್ರೈವಿನೊಡನೆ ಮಾತಾಡುವ ಬಗೆಯಾದ ಸಾಟಾ ಮೋಡ್ ಎಎಚ್‌ಸಿಐನಿಂದ ರೇಡ್‌ಗೋ ರೇಡ್‌ನಿಂದ ಎಎಚ್‌ಸಿಐಗೋ ಬದಲಾಗಿ ಈ ಪರದೆ ಬರುವುದುಂಟು. ಗಡಿಯಾರವೂ ಹಿಂದಿನ ಯಾವುದೋ ವರ್ಷ ತೋರಿಸುತ್ತಿದ್ದರೆ ಅನುಮಾನ ಗಟ್ಟಿ. ಬ್ಯಾಟರಿ ಬದಲಿಸಿ ಮೋಡನ್ನು ಮೊದಲಿನಂತೆ ಇಟ್ಟರೆ ಮುಗಿಯಿತು.

ಗ್ರಬ್ ರೆಸ್ಕ್ಯೂ ಎಂಬ ಪ್ರಾಂಪ್ಟ್‌ಗೆ ಹೆದರುವವರು ಬಹಳ. ಎರಡು ಸಿಸ್ಟಮ್ ಇದ್ದ ಯಂತ್ರದಲ್ಲಿ ವಿಂಡೋಸಿನೊಳಗಿಂದ ಲಿನಕ್ಸ್ ಪಾರ್ಟಿಷನ್ ಅಳಿಸಿದಾಗ ಇದು ಬರುತ್ತದೆ. ಗ್ರಬ್‌ನ ಮೊದಲ ತುಂಡು ಉಳಿದಿದೆ, ಅದು ಹುಡುಕುವ ಉಳಿದ ಕಡತಗಳು ಪಾರ್ಟಿಷನ್ ಜೊತೆ ಹೋಗಿವೆ. ಯುಇಎಫ್‌ಐ ಯಂತ್ರವಾದರೆ ಬೂಟ್ ಮೆನು ತೆರೆದು ವಿಂಡೋಸ್ ಬೂಟ್ ಮ್ಯಾನೇಜರ್ ಆಯ್ದರೆ ಸಾಕು, ಅದು ಇಎಸ್‌ಪಿಯಲ್ಲಿ ಇದ್ದಲ್ಲೇ ಇರುತ್ತದೆ. ಮುಂದೆ ಬೂಟ್ ಆರ್ಡರಿನಲ್ಲಿ ಅದನ್ನೇ ಮೊದಲಿಗೆ ತರಬಹುದು.

ಕಲಿಯುವವರನ್ನು ಕಂಗೆಡಿಸುವ ಒಂದು ಹೆಸರಿಡುವಿಕೆ ಮೈಕ್ರೋಸಾಫ್ಟ್ ದಾಖಲೆಗಳಲ್ಲಿದೆ. ಬೂಟ್ ಕಡತಗಳಿರುವುದನ್ನು ಅಲ್ಲಿ ಸಿಸ್ಟಮ್ ಪಾರ್ಟಿಷನ್ ಎನ್ನುತ್ತಾರೆ, ವಿಂಡೋಸ್ ಇರುವುದನ್ನು ಬೂಟ್ ಪಾರ್ಟಿಷನ್ ಎನ್ನುತ್ತಾರೆ. ಸಹಜವಾಗಿ ತೋಚುವುದಕ್ಕೆ ಪೂರಾ ತಿರುಗುಮುರುಗು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವಿನ ಕೆಳಗೆ ‘ಬೂಟ್’ ಎಂದು ಬರೆದಿರುವುದು ಈ ಅರ್ಥದಲ್ಲಿ. ಅದನ್ನು ನೋಡಿ ‘ಬೂಟ್ ಇಲ್ಲೇ ಇದೆ, ಆ ಚಿಕ್ಕದು ಬೇಡ’ ಎಂದು ಇಎಸ್‌ಪಿಗೆ ಕೈಹಾಕಬಾರದು.

ಪದಗಳು ಕೈವಶವಾಗಲು ಸ್ವಂತ ಯಂತ್ರದ ನಕ್ಷೆ ಬರೆಯುವುದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ವಿಂಡೋಸ್ ಆದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಎಷ್ಟು ಡಿಸ್ಕ್, ಒಂದೊಂದರಲ್ಲಿ ಎಷ್ಟು ಪಾರ್ಟಿಷನ್, ಯಾವುದಕ್ಕೆ ಅಕ್ಷರವಿದೆ, ಯಾವುದಕ್ಕಿಲ್ಲ, ಫೈಲ್ ಸಿಸ್ಟಮ್ ಯಾವುದು ಎಂದು ಕಾಗದಕ್ಕಿಳಿಸಿ. ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ ಬಯೋಸ್ ಮೋಡ್ ಎಂಬ ಸಾಲು ಲೆಗಸಿಯೋ ಯುಇಎಫ್‌ಐಯೋ ಹೇಳುತ್ತದೆ. ‘ಲಿಸ್ಟ್ ಡಿಸ್ಕ್’ ಕೊಟ್ಟಾಗ ಜಿಪಿಟಿ ಎಂಬ ಕಾಲಮ್ಮಿನಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ಜಿಪಿಟಿ, ಇಲ್ಲದಿದ್ದರೆ ಎಂಬಿಆರ್. ಲಿನಕ್ಸಿನಲ್ಲಿ ಎಲ್ಎಸ್‌ಬಿಎಲ್‌ಕೆ ಎಂಬ ಒಂದೇ ಆಜ್ಞೆ ಇಡೀ ಮರವನ್ನು ಬಿಡಿಸಿ ತೋರಿಸುತ್ತದೆ. ಆ ಕಾಗದವನ್ನು ಕಂಪ್ಯೂಟರಿನ ಹೊರಗೆ ಇಟ್ಟುಕೊಳ್ಳಿ, ಬೇಕಾಗುವ ದಿನ ಕಂಪ್ಯೂಟರ್ ತೆರೆಯುವುದಿಲ್ಲ.

ಶಟ್‌ಡೌನ್ ಮತ್ತು ರೀಸ್ಟಾರ್ಟ್ ಎಂಬ ಎರಡು ಪದಗಳು ಉಳಿದವು. ಪೂರ್ತಿ ಆಫ್ ಆದ ಯಂತ್ರ ಶುರುವಾದರೆ ಕೋಲ್ಡ್ ಬೂಟ್, ಓಡುತ್ತಿರುವುದು ಕರೆಂಟ್ ಕಡಿಯದೆ ಮತ್ತೆ ಶುರುವಾದರೆ ವಾರ್ಮ್ ಬೂಟ್. ಹಾಗಾಗಿ ಆಫ್ ಮಾಡಿ ಆನ್ ಮಾಡುವುದೇ ಹೆಚ್ಚು ಪರಿಪೂರ್ಣ ಎಂದು ಎಲ್ಲರೂ ಭಾವಿಸುತ್ತಾರೆ. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಈ ಲೆಕ್ಕವನ್ನು ಬದಲಿಸಿತು. ಅದು ಚಾಲೂ ಇದ್ದಾಗ ಶಟ್‌ಡೌನ್ ಕೊಟ್ಟರೆ ನಿಮ್ಮ ಅಪ್ಲಿಕೇಷನ್‌ಗಳು ಮುಚ್ಚಿಕೊಳ್ಳುತ್ತವೆ, ಆದರೆ ಕರ್ನಲ್ ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕಿನ ಮೇಲೆ ಹೈಬರ್ನೇಟ್ ಆಗಿ ಕೂತು ಮರುದಿನ ಹಾಗೇ ಎದ್ದುಬರುತ್ತದೆ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಕರ್ನಲ್ ಹೊಸದಾಗಿ ಹುಟ್ಟುತ್ತದೆ. ಡ್ರೈವರ್ ತಕರಾರಿನಿಂದಾದ, ರಾತ್ರಿ ಆಫ್ ಮಾಡಿ ಬೆಳಿಗ್ಗೆ ಆನ್ ಮಾಡಿದರೂ ಹೋಗದ ದೋಷ ಒಂದು ರೀಸ್ಟಾರ್ಟ್‌ಗೆ ಹೋಗುವುದು ಇದರಿಂದ. ಲಿನಕ್ಸಿಗೆ ಬೂಟ್ ಮಾಡಿ ವಿಂಡೋಸಿನ ಎನ್‌ಟಿಎಫ್‌ಎಸ್ ಪಾರ್ಟಿಷನ್ ಮೌಂಟ್ ಮಾಡಲು ಹೋದಾಗ ‘ಬರೆಯಲು ಬಿಡುವುದಿಲ್ಲ’ ಎಂದು ನಿರಾಕರಿಸುವುದೂ ಇದರಿಂದಲೇ: ಆ ವಾಲ್ಯೂಮಿನ ಲೆಕ್ಕಪುಸ್ತಕವನ್ನು ವಿಂಡೋಸ್ ಇನ್ನೂ ತೆರೆದಿಟ್ಟುಕೊಂಡೇ ಮಲಗಿದೆ. ವಿಂಡೋಸಿಗೆ ಹಿಂದಿರುಗಿ ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಕೊಟ್ಟರೆ ಆ ಒಂದು ಸಲಕ್ಕೆ ಪುಸ್ತಕ ಪೂರ್ತಿ ಮುಚ್ಚುತ್ತದೆ.